ಮೂಗಿನ ಎಲುಬು ಓರೆ: ಆಪರೇಷನ್ ಯಾರಿಗೆ, ಹೇಗೆ?

ಕೇಳುಗರೇ, ನಮಸ್ಕಾರ. ಮಳೆಗಾಲ ಬಂತೆಂದರೆ ನಮ್ಮ ಮಂಗಳೂರು, ಉಡುಪಿ ಕಡೆ ಮೂಗು ಕಟ್ಟಿಕೊಂಡು ಓಡಾಡುವವರೇ ಜಾಸ್ತಿ. ಸ್ಕ್ಯಾನಿನಲ್ಲಿ 'ಎಲುಬು ಓರೆ' ಎಂದು ಕಂಡ ಕೂಡಲೇ ಆಪರೇಷನ್ನಿಗೆ ದಿನ ಕೇಳುವವರಿದ್ದಾರೆ. ಅವಸರ ಬೇಡ. ಓರೆ ಎನ್ನುವುದು ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು. ಆ ನಡುಗೋಡೆ ತುಸುವೂ ಓರೆಯಾಗದ ಮೂಗು ಸಿಗುವುದು ಕಷ್ಟ.

ಊತ ಇಳಿಸುವ ಹನಿ ಹಾಕಿ, ಹತ್ತು ನಿಮಿಷ ಬಿಟ್ಟು ಡಾಕ್ಟರು ಮತ್ತೆ ನೋಡುತ್ತಾರೆ. ಆಗ ಉಸಿರು ಸರಾಗವಾದರೆ ತೊಂದರೆ ಹೆಚ್ಚಾಗಿ ಒಳಪೊರೆಯದ್ದು. ಬೂಷ್ಟು, ಧೂಳಿನ ಅಲರ್ಜಿ ಇರಬಹುದು. ಹಾಗಿದ್ದರೆ ಮೊದಲು ಕೆಲವು ವಾರ ಡಾಕ್ಟರು ಬರೆದುಕೊಟ್ಟ ಅಲರ್ಜಿಯ ಸ್ಪ್ರೇ. ಓರೆ ಸರಿಪಡಿಸಿದ ಮಾತ್ರಕ್ಕೆ ಅಲರ್ಜಿಯ ಸೀನು ನಿಲ್ಲುವುದಿಲ್ಲ. ಯಾವಾಗಲೂ ಒಂದೇ ಹೊಳ್ಳೆ ಕಟ್ಟಿ, ಹನಿಗೂ ಸ್ಪ್ರೇಗೂ ಜಗ್ಗದಿದ್ದರೆ ಆಪರೇಷನ್ನಿನ ಮಾತು. ಅಂದ ಹಾಗೆ, ಆ ಹನಿಯನ್ನು ಅಂಗಡಿಯಿಂದ ತಂದು ವಾರಗಟ್ಟಲೆ ಹಾಕಿಕೊಂಡರೆ ಹನಿಯೇ ಮೂಗು ಕಟ್ಟಿಸುತ್ತದೆ.

ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟು, ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಕೊಯ್ಯುವುದು ಹೊಳ್ಳೆಯ ಒಳಗೇ, ಹೊರಗೆ ಗಾಯ ಕಾಣುವುದಿಲ್ಲ. ನಡುಗೋಡೆಯ ಮುಂಭಾಗ ಮೃದ್ವಸ್ಥಿ, ಅಂದರೆ ಕಿವಿಯಲ್ಲಿರುವಂಥ ಬಾಗುವ ಮೆತ್ತನೆಯ ಎಲುಬು; ಹಿಂಭಾಗ ಗಟ್ಟಿ ಎಲುಬು. ಮೇಲಿನ ಪೊರೆಯನ್ನು ಬಿಡಿಸಿ, ಬಾಗಿದ ತುಂಡನ್ನಷ್ಟೇ ತೆಗೆಯುತ್ತಾರೆ ಅಥವಾ ನೇರ ಮಾಡಿ ಕೂರಿಸುತ್ತಾರೆ. ಮೇಲೆ ಮತ್ತು ಮುಂದೆ ಸುಮಾರು 1 ಸೆಂಟಿಮೀಟರ್ ಅಗಲದ ಮೃದ್ವಸ್ಥಿಯ ಪಟ್ಟಿ ಉಳಿಯಲೇಬೇಕು. ಮೂಗು ನಿಂತಿರುವುದೇ ಅದರ ಮೇಲೆ. ಎರಡೂ ಬದಿಯ ಪೊರೆ ಒಂದೇ ಜಾಗದಲ್ಲಿ ಹರಿದರೆ ಗೋಡೆಯಲ್ಲಿ ತೂತು ಬಿದ್ದು, ಉಸಿರಾಡುವಾಗ ಸಿಳ್ಳೆ ಕೇಳಬಹುದು, ಹಕ್ಕಳೆ ಕಟ್ಟಬಹುದು.

ಮೂಗಿಗೆ ತುರುಕಿದ ಪ್ಯಾಕ್ ಇದ್ದರೆ ಒಂದೆರಡು ದಿನಕ್ಕೆ, ಸಿಲಿಕೋನ್ ಹಾಳೆ ಇಟ್ಟಿದ್ದರೆ ಸುಮಾರು ವಾರಕ್ಕೆ ತೆಗೆಯುತ್ತಾರೆ. ಪ್ಯಾಕ್ ಇರುವವರೆಗೆ ಬಾಯಲ್ಲೇ ಉಸಿರು. ಮೇಲಿನ ಮುಂದಿನ ಹಲ್ಲು ಕೆಲವು ವಾರ ಜೋಮು ಹಿಡಿದಂತಿದ್ದರೆ ಗಾಬರಿ ಬೇಡ. ಗಾಬರಿಪಡಬೇಕಾದದ್ದು ಬೇರೆ: ಪ್ಯಾಕ್ ತೆಗೆದ ಮೇಲೆ ಎರಡೂ ಹೊಳ್ಳೆ ಮತ್ತೆ ಪೂರ್ತಿ ಕಟ್ಟಿ, ಮೂಗು ಸಿಡಿದಂತೆ ನೋಯತೊಡಗಿದರೆ ಪೊರೆಯೊಳಗೆ ರಕ್ತ ನಿಂತಿರಬಹುದು. ಮೃದ್ವಸ್ಥಿಗೆ ಆಹಾರ ಆ ಪೊರೆಯಿಂದಲೇ. ರಕ್ತ ನಡುವೆ ನಿಂತರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸತ್ತು, ಮೂಗಿನ ಬೆನ್ನು ಕುಸಿಯಬಹುದು. ಅಂದೇ ಆಸ್ಪತ್ರೆಗೆ ಹೋಗಿ.

ಎರಡು ವಾರ ಮೂಗು ಸೀಟುವುದು, ಬಗ್ಗಿ ಭಾರ ಎತ್ತುವುದು, ಬಾವಿಯಿಂದ ನೀರು ಸೇದುವುದು ಬೇಡ. ಸೀನು ಬಂದರೆ ಬಾಯಿ ತೆರೆದು ಸೀನಿ. ಗಂಜಿ ಉಂಡರೆ ಆರಿಸಿ ಉಣ್ಣಿ. ಮೂಗು ತೊಳೆಯಲು ಡಾಕ್ಟರು ಹೇಳಿದ ಮೇಲೆ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ. ನಿಮ್ಮ ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಕುದಿಸಿ ಆರಿಸದೆ ಮೂಗಿಗೆ ಹಾಕಬೇಡಿ.