ಗಿಣಿಗೇರಾ ಸ್ಟೇಷನ್ನು: ಗಾಡಿ ಯಾಕೆ ನಿಂತಿದೆ?

ಕೇಳುಗರಿಗೆ ನಮಸ್ಕಾರ.

ಹೊಸಪೇಟೆಯಿಂದ ಕೊಪ್ಪಳಕ್ಕೆ ರೈಲಿನಲ್ಲಿ ಹೋಗುವವರಿಗೆ ಗಿಣಿಗೇರಾ ಗೊತ್ತಿರುವ ಸ್ಟೇಷನ್ನೇ. ಈ ಮಾರ್ಗ 19ನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಮೀಟರ್ ಗೇಜು, ಅಂದರೆ ಹಳಿಯಿಂದ ಹಳಿಗೆ 1 ಮೀಟರ್. 1990ರ ದಶಕದಲ್ಲಿ ಅದು 1,676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಗಿಣಿಗೇರಾದಿಂದ ತೆಲಂಗಾಣದ ಮೆಹಬೂಬ್‌ನಗರದ ಹೊಸ ಮಾರ್ಗಕ್ಕೆ 1997-98ರಲ್ಲಿ ಮಂಜೂರಾತಿ ಸಿಕ್ಕಿತು; ಹಳ್ಳಿಯ ಸ್ಟೇಷನ್ನು ಜಂಕ್ಷನ್ ಆಗಿದ್ದು ಇದರಿಂದಲೇ. ಕೆಲಸ ಮಾತ್ರ ಆಮೆನಡಿಗೆ. ಪ್ರಯಾಣಿಕರ ಗಾಡಿ ಗಂಗಾವತಿ ಮುಟ್ಟಿದ್ದು 2019ರಲ್ಲಿ, ಆಮೇಲೆ ಕಾರಟಗಿ, ಸಿಂಧನೂರಿಗೆ 2024ರ ಮಾರ್ಚ್‌ನಲ್ಲಿ.

ಈ ಕವಲು ಮಾರ್ಗ ಒಂಟಿ ಹಳಿ. ಎದುರುಬದುರು ಬರುವ ಎರಡು ಗಾಡಿಗಳು ಕ್ರಾಸಿಂಗ್ ಇರುವ ಸ್ಟೇಷನ್ನಿನಲ್ಲಿ ಮಾತ್ರ ಪರಸ್ಪರ ದಾಟಬಹುದು. ಮುಂದಿನ ಸ್ಟೇಷನ್ನಿನವರು 'ಲೈನ್ ಕ್ಲಿಯರ್', ಅಂದರೆ ಹಳಿ ಖಾಲಿ ಇದೆ, ಗಾಡಿ ಬಿಡಿ ಎಂಬ ಒಪ್ಪಿಗೆ, ಕೊಡದೆ ಸ್ಟೇಷನ್ ಮಾಸ್ತರರು ಗಾಡಿ ಬಿಡುವಂತಿಲ್ಲ. ಮೊದಲು ಬಂದ ಗಾಡಿಯನ್ನು ಲೂಪ್ ಲೈನಿಗೆ, ಅಂದರೆ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಹಳಿಗೆ, ತೆಗೆದುಕೊಂಡರು ಅನ್ನಿ. ಅದರ ಕೊನೆಯ ಡಬ್ಬಿ ಎರಡು ಹಳಿ ಕೂಡುವಲ್ಲಿ ಹಾಕಿರುವ 'ಫೌಲಿಂಗ್ ಮಾರ್ಕ್' ಗುರುತಿನ ಒಳಗೆ ಬಂದು ನಿಲ್ಲಬೇಕು. ಒಂದು ಡಬ್ಬಿ ಹೊರಗುಳಿದರೂ ಪಕ್ಕದ ಹಳಿಯ ಗಾಡಿಗೆ ತಗಲುತ್ತದೆ. ಸಿಗ್ನಲ್ ದಾಟಿ ಗಾಡಿ ಸ್ವಲ್ಪ ಮುಂದೆ ಜಾರಿದರೂ ಅಪಾಯ ಆಗಬಾರದೆಂದು ಅದರ ಮುಂದೆ 120 ಮೀಟರ್ ಹಳಿ ಖಾಲಿ ಇಡುತ್ತಾರೆ. ಅದಕ್ಕೇ ಎರಡನೇ ಗಾಡಿ ಊರ ಹೊರಗೆ, ಸ್ಟೇಷನ್ನಿನ ಒಳಗೆ ಬರಲು ಅಪ್ಪಣೆ ಕೊಡುವ ಹೋಮ್ ಸಿಗ್ನಲ್ಲಿನ ಹತ್ತಿರ ಕಾಯುತ್ತದೆ. "ಸ್ಟೇಷನ್ ಕಾಣಾಕತ್ತದ, ಒಳಗ ಯಾಕ ಬಿಡವಲ್ರು" ಎಂದು ಡಬ್ಬಿಯಲ್ಲಿ ಗೊಣಗುವವರಿಗೆ ಉತ್ತರ ಇದು. ಅಲ್ಲೇ ಇಳಿದು ಹಳಿಗುಂಟ ನಡೆದುಬಿಡೋಣ ಎನ್ನುವವರೂ ಇದ್ದಾರೆ. ಸಿಗ್ನಲ್ ಸಿಕ್ಕ ಕೂಡಲೇ ನಿಮ್ಮ ಗಾಡಿಯೇ ಅದೇ ಹಳಿಯ ಮೇಲೆ ಹೊರಡುತ್ತದೆ, ದಯವಿಟ್ಟು ಇಳಿಯಬೇಡಿ. ಉದ್ದದ ಗೂಡ್ಸ್ ಗಾಡಿಯಾದರೆ ಕಾಯುವುದು ಇನ್ನಷ್ಟು. ಸುಮಾರು 700 ಮೀಟರ್ ಉದ್ದದ ಗಾಡಿ ನಿಧಾನಕ್ಕೆ ಲೂಪಿಗೆ ತಿರುಗಿ ಪೂರ್ತಿ ಒಳಗೆ ಸೇರಲು ಹೊತ್ತು ಬೇಕಲ್ಲವೇ?

ಇನ್ನು ಟಿಕೇಟು. ಜನರಲ್ ಟಿಕೇಟಿನ ಅವಧಿ ದೂರ ನೋಡಿಕೊಂಡು ಬದಲಾಗುತ್ತದೆ. 199 ಕಿಲೋಮೀಟರ್ ಒಳಗಿನ ಊರಿಗೆ, ಉದಾಹರಣೆಗೆ ಗಿಣಿಗೇರಾದಿಂದ ಹುಬ್ಬಳ್ಳಿಗೆ, ಕೌಂಟರಿನಲ್ಲಿ ಟಿಕೇಟು ಪಡೆದ 3 ಗಂಟೆಯೊಳಗೆ ಅಥವಾ ಆ ಕಡೆಗೆ ಹೋಗುವ ಮೊದಲ ಗಾಡಿಗೆ, ಯಾವುದು ತಡವೋ ಅಷ್ಟರೊಳಗೆ ಹತ್ತಬೇಕು. ಬೆಳಿಗ್ಗೆ ತೆಗೆಸಿ, ನಡುವಿನ ಗಾಡಿ ಬಿಟ್ಟು ಸಂಜೆಯ ಗಾಡಿಗೆ ಇಟ್ಟುಕೊಂಡರೆ ಅದು ಬರೀ ಕಾಗದ. 200 ಕಿಲೋಮೀಟರ್ ಮೀರಿದ ಬೆಂಗಳೂರಿನಂಥ ಊರಿಗಾದರೆ 3 ದಿನ ಮುಂಚೆಯೇ ಕೊಳ್ಳಬಹುದು. 5 ವರ್ಷದೊಳಗಿನ ಮಕ್ಕಳಿಗೆ ಟಿಕೇಟು ಬೇಡ, 5ರಿಂದ 12ರವರೆಗೆ ಅರ್ಧ.

ಮೊಬೈಲಿನಲ್ಲಿ ರೈಲ್ವೆಯ ಆ್ಯಪಿನಿಂದ ಕಾಗದವಿಲ್ಲದ ಟಿಕೇಟು ತೆಗೆಯುವವರು ಸ್ಟೇಷನ್ನಿಗೆ ಬರುವ ಮುಂಚೆಯೇ ತೆಗೆಯಿರಿ. ಆವರಣದೊಳಗೆ ನಿಂತರೆ ಜಿಪಿಎಸ್ ಅದನ್ನು ತಡೆಯುತ್ತದೆ. ಆಗ ಅಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಆ್ಯಪ್ ತೆರೆದೇ ತೋರಿಸಬೇಕು. ಚಾರ್ಜ್ ಮುಗಿದು ಮೊಬೈಲು ಬಂದ್ ಆಯಿತೆಂದರೆ ಟಿಕೇಟು ಇಲ್ಲದವರ ಲೆಕ್ಕ: ಪ್ರಯಾಣದ ದರ, ಅದರ ಮೇಲೆ ಕನಿಷ್ಠ 250 ರೂಪಾಯಿ ದಂಡ. ಚಾರ್ಜ್ ಕಡಿಮೆ ಇದ್ದ ದಿನ ಕೌಂಟರಿಗೇ ಹೋಗಿ.