ಬಯಾಪ್ಸಿ ತುಣುಕಿನ ಜೊತೆ ಅದರ ಕಥೆಯನ್ನೂ ಕಳಿಸಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಪೆಥಾಲಜಿ ಡಾಕ್ಟರ್. ಬಯಾಪ್ಸಿ ಮಾಡಿ ತೆಗೆದ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಬರೆಯುವುದು ನನ್ನ ಕೆಲಸ. ರೋಗಿಗಳು ನನ್ನನ್ನು ನೋಡುವುದೇ ಇಲ್ಲ. ಹಾಗಾಗಿ ಈ ಹತ್ತು ನಿಮಿಷ ಸಿಕ್ಕಿದ್ದು ನನಗೆ ನಿಜಕ್ಕೂ ಖುಷಿ. ನಿಮಗೆ ಹೇಳಬೇಕಾದದ್ದು ಒಂದೇ ಮಾತು. ಬಯಾಪ್ಸಿಗೆ ಹೋದಾಗ, ಆ ಜಾಗಕ್ಕೆ ಹಿಂದೆ ಏನಾಗಿತ್ತು ಅಂತ ಬಾಯಿಬಿಟ್ಟು ಹೇಳಿ.

ಯಾಕೆ ಅಂತೀರಾ? ತುಂಬ ಜನ ತುಣುಕನ್ನು ಯಾವುದೋ ಮೆಷಿನ್‌ಗೆ ಹಾಕಿದರೆ ರಿಪೋರ್ಟ್ ತಾನಾಗಿ ಬರುತ್ತದೆ ಅಂದುಕೊಂಡಿದ್ದಾರೆ. ಹಾಗಲ್ಲ. ತುಣುಕನ್ನು, ಅದು ಕೆಡದಂತೆ ಕಾಪಾಡುವ ದ್ರವವಾದ ಫಾರ್ಮಲಿನ್‌ನಲ್ಲಿ ನೆನೆಸುತ್ತೇವೆ, ಮೇಣದಲ್ಲಿ ಕೂರಿಸುತ್ತೇವೆ, ಆಮೇಲೆ 3-4 ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ಯುತ್ತೇವೆ. ಒಂದು ತಲೆಗೂದಲಿನ ದಪ್ಪದಲ್ಲಿ ಅಂಥ 15-20 ಪದರ ಹಿಡಿಯುತ್ತವೆ, ಅಷ್ಟು ತೆಳು. ಬಣ್ಣ ಹಾಕಿದಾಗ ಜೀವಕೋಶದ ನ್ಯೂಕ್ಲಿಯಸ್, ಅಂದರೆ ಅದರೊಳಗಿನ ತಿರುಳು, ನೇರಳೆ ಮಿಶ್ರಿತ ನೀಲಿ, ಸುತ್ತಲಿನದು ಗುಲಾಬಿ. ಕೊನೆಗೆ ಒಬ್ಬ ಮನುಷ್ಯ ಕೂತು ಕಣ್ಣಿಟ್ಟು ನೋಡಿ ತೀರ್ಮಾನಿಸಬೇಕು.

ರೋಗ ಇರುವುದು ಜೀವಕೋಶದಲ್ಲಿ ಅಂತ 1858ರಲ್ಲಿ ಬರ್ಲಿನ್ನಿನ ಪೆಥಾಲಜಿ ಡಾಕ್ಟರ್ ರುಡಾಲ್ಫ್ ವಿರ್ಚೋ ಗಟ್ಟಿಯಾಗಿ ಹೇಳಿದರು. ಅಂದಿನಿಂದ ನಾವು ಕೋಶವನ್ನೇ ನೋಡುತ್ತಿದ್ದೇವೆ. ಕ್ಯಾನ್ಸರ್ ಕೋಶದ ನ್ಯೂಕ್ಲಿಯಸ್ ದೊಡ್ಡದು, ಕಪ್ಪಾಗಿ ಕಾಣುತ್ತದೆ, ಆಕಾರ ವಕ್ರ, ಕೋಶಗಳು ಎಲ್ಲೆಂದರಲ್ಲಿ ಒಡೆದು ಎರಡಾಗುತ್ತಿರುತ್ತವೆ. ಆದರೆ ಪೆಟ್ಟು ತಿಂದ ಜಾಗದಲ್ಲಿ ಏನಾಗುತ್ತದೆ? ಸತ್ತ ಕೋಶಗಳ ಜಾಗ ತುಂಬಲು ಪಕ್ಕದ ಕೋಶಗಳು ಅವಸರದಲ್ಲಿ ದುಡಿಯುತ್ತವೆ. ಅವುಗಳ ನ್ಯೂಕ್ಲಿಯಸ್ಸೂ ಉಬ್ಬುತ್ತದೆ, ಕಪ್ಪಾಗುತ್ತದೆ, ಅವೂ ಒಡೆದು ಎರಡಾಗುತ್ತವೆ. ಗಾಯ ಮಾಯಿಸುತ್ತಿರುವ ಕೋಶ ಕೆಲವು ಸಲ ಕ್ಯಾನ್ಸರ್ ಕೋಶದ ಹಾಗೇ ಕಾಣುತ್ತದೆ. ಆಗ ನನಗೆ ಬೇಕಾಗುವುದು ಆ ಜಾಗದ ಹಿಂದಿನ ಕಥೆ.

ಒಂದು ಘಟನೆ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಕೇಳಿ. ತುಂಬ ವರ್ಷದ ಹಿಂದಿನದು. ಒಬ್ಬ ಮಹಿಳೆಯ ಸ್ತನದಲ್ಲಿ ಗಂಟು. ಕಲ್ಲಿನ ಹಾಗೆ ಗಟ್ಟಿ, ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿದೆ. ಮುಟ್ಟಿ ನೋಡಿದ ಯಾರಿಗೂ ಕ್ಯಾನ್ಸರ್ ಅನ್ನಿಸಲೇಬೇಕು, ಸ್ಕ್ಯಾನಿನಲ್ಲೂ ಅದೇ ಅನುಮಾನ. ತೆಳ್ಳನೆ ಸೂಜಿಯಿಂದ ಎಳೆದ ಕೋಶಗಳ ಸ್ಲೈಡ್ ನನ್ನ ಮೇಜಿಗೆ ಬಂತು. ಜೊತೆಗಿದ್ದ ಚೀಟಿಯಲ್ಲಿ ವಯಸ್ಸು, ಆಮೇಲೆ 'ಎಡ ಸ್ತನದಲ್ಲಿ ಗಂಟು'. ಅಷ್ಟೇ! ಸ್ಲೈಡಿನಲ್ಲಿ ದೊಡ್ಡ ನ್ಯೂಕ್ಲಿಯಸ್ ಇರುವ ಕೆಲವು ಕೋಶಗಳು, ಅಲ್ಲಲ್ಲಿ ಕಸ. ಮಧ್ಯಾಹ್ನವೆಲ್ಲ ನೋಡಿದೆ. ಅನುಮಾನವಿದೆ ಅಂತ ಬರೆದುಬಿಡಲೇ ಎಂದು ಪೆನ್ನು ತೆಗೆದೆ, ಆದರೆ ಮನಸ್ಸು ಒಪ್ಪಲಿಲ್ಲ. ಅವರನ್ನು ಲ್ಯಾಬಿಗೇ ಬರಲು ಹೇಳಿ ಕಳಿಸಿದೆ.

ಮಗಳ ಜೊತೆ ಬಂದರು. ಇಬ್ಬರೂ ವಾರದಿಂದ ನಿದ್ದೆ ಮಾಡಿರಲಿಲ್ಲ. "ಇಲ್ಲಿಗೆ ಯಾವತ್ತಾದರೂ ಪೆಟ್ಟು ಬಿದ್ದಿತ್ತಾ ಅಮ್ಮಾ?" ಅಂದೆ. "ಇಲ್ಲ ಡಾಕ್ಟ್ರೇ, ಏನೂ ಇಲ್ಲ." ಇನ್ನೊಮ್ಮೆ ಕೇಳಿದೆ, ಇಲ್ಲವೆಂದೇ ಹೇಳಿದರು. ಆಗ ಮಗಳು, "ಅಮ್ಮ, ಕಾರು ಗುದ್ದಿತ್ತಲ್ಲ, ಸೀಟ್ ಬೆಲ್ಟ್ ಬಿಗಿದು ಎದೆಯೆಲ್ಲ ಕಪ್ಪುಗಟ್ಟಿತ್ತಲ್ಲ" ಅಂದಳು. ನಾಲ್ಕು ತಿಂಗಳ ಹಿಂದಿನ ಮಾತು. ಮೂಳೆ ಮುರಿದಿರಲಿಲ್ಲ, ಹೊಲಿಗೆ ಬಿದ್ದಿರಲಿಲ್ಲ, ಅಮ್ಮ ಅದನ್ನು ಮರೆತೇಬಿಟ್ಟಿದ್ದರು.

ನಾನು ಓಡಿಹೋಗಿ ಸ್ಲೈಡ್ ಮತ್ತೆ ನೋಡಿದೆ. ಕಸ ಅಂದುಕೊಂಡಿದ್ದು ಒಡೆದ ಕೊಬ್ಬಿನ ಕೋಶಗಳು. ಆಮೇಲೆ ದಪ್ಪ ಸೂಜಿಯಲ್ಲಿ ತುಣುಕು ತೆಗೆಸಿದೆವು. ಅದರಲ್ಲಿ ನ್ಯೂಕ್ಲಿಯಸ್ಸೇ ಇಲ್ಲದ ಸತ್ತ ಕೊಬ್ಬಿನ ಕೋಶಗಳು, ಆ ಕೊಬ್ಬನ್ನು ನುಂಗಿ ನೊರೆ ತುಂಬಿದಂತೆ ಉಬ್ಬಿದ ಬಿಳಿ ರಕ್ತಕಣಗಳ ಜಾತಿಯ ಕೋಶಗಳು, ಸುತ್ತ ಕಲೆಗಟ್ಟಿದ ನಾರು. ಆ ನಾರು ಬಿಗಿದೇ ಚರ್ಮ ಒಳಕ್ಕೆ ಎಳೆದಿತ್ತು. ಇದಕ್ಕೆ ಫ್ಯಾಟ್ ನೆಕ್ರೋಸಿಸ್ ಅನ್ನುತ್ತೇವೆ, ಅಂದರೆ ಪೆಟ್ಟಿಗೆ ಕೊಬ್ಬು ಸತ್ತಿದೆ. ಕ್ಯಾನ್ಸರ್ ಅಲ್ಲವೇ ಅಲ್ಲ. "ಇದನ್ನು ಮೊದಲೇ ಯಾಕೆ ಹೇಳಲಿಲ್ಲಮ್ಮಾ?" ಅಂದರೆ, "ಯಾರೂ ಕೇಳಲಿಲ್ಲ, ಸಣ್ಣ ವಿಷಯ ಅಲ್ವಾ" ಅಂದರು. ಇವತ್ತಿಗೂ ಖಾಲಿ ಚೀಟಿ ಬಂದರೆ ನನಗೆ ಸಿಟ್ಟು ಬರುತ್ತದೆ. ಅದನ್ನು ತುಂಬಬೇಕಾದವರು ಡಾಕ್ಟರುಗಳು, ಒಪ್ಪುತ್ತೇನೆ. ಆದರೆ ನೀವು ಹೇಳದೆ ಅವರು ಏನು ಬರೆಯುತ್ತಾರೆ?

ಒಂದು ಎಚ್ಚರಿಕೆ. ಪೆಟ್ಟು ಬಿದ್ದಿತ್ತು, ಅದಕ್ಕೇ ಗಂಟು ಅಂತ ದಯವಿಟ್ಟು ಮನೆಯಲ್ಲಿ ಕೂರಬೇಡಿ. ಪೆಟ್ಟು ಬಿದ್ದವರಿಗೂ ಕ್ಯಾನ್ಸರ್ ಬರುತ್ತದೆ. ಬಯಾಪ್ಸಿ ಮಾಡಿಸಿ, ಮಾಡಿಸುವಾಗ ಕಥೆ ಹೇಳಿ. ಎರಡೂ ಬೇಕು.

ಪೆಟ್ಟು ಮಾತ್ರ ಅಲ್ಲ. ಹಿಂದೆ ರೇಡಿಯೇಷನ್ ತೆಗೆದುಕೊಂಡಿದ್ದರೆ ಹೇಳಲೇಬೇಕು. ರೇಡಿಯೇಷನ್ ತಾಗಿದ ಕೋಶಗಳು ಊದಿಕೊಂಡು, ವರ್ಷಗಳಾದ ಮೇಲೂ ವಿಚಿತ್ರವಾಗಿ ಕಾಣುತ್ತವೆ. ಕೀಮೋ ಆಗಿದ್ದರೆ ಹೇಳಿ. ಅದೇ ಜಾಗದಲ್ಲಿ ಮೊದಲು ಬಯಾಪ್ಸಿ ಆಗಿದ್ದರೆ ಹಳೆಯ ರಿಪೋರ್ಟ್ ತನ್ನಿ, ಸ್ಲೈಡ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಬಾಯಿಯ ಹುಣ್ಣಾದರೆ, ಅಲ್ಲಿ ಮುರಿದ ಹಲ್ಲು ಉಜ್ಜುತ್ತಿದೆಯಾ ಅಂತ ನೋಡಿ ಹೇಳಿ.

ಸಮಯ ಮುಗಿಯುತ್ತಾ ಬಂತು. ಫಾರ್ಮಲಿನ್ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಬೇಗ ಮುಗಿಸುತ್ತೇನೆ. ತುಣುಕು ದೇಹದಿಂದ ಹೊರಬಂದ ಕ್ಷಣವೇ ಅದಕ್ಕೆ ಆಮ್ಲಜನಕ ನಿಲ್ಲುತ್ತದೆ. ಕೋಶದೊಳಗೆ ನೀರು ನುಗ್ಗಿ ಊದುತ್ತದೆ, ನ್ಯೂಕ್ಲಿಯಸ್ ಕರಗುತ್ತದೆ, ಆಮೇಲೆ ನಾನು ಎಷ್ಟು ನೋಡಿದರೂ ಏನೂ ಸಿಗುವುದಿಲ್ಲ. ಅದಕ್ಕೇ ತುಣುಕಿನ ಸುಮಾರು 10 ಪಟ್ಟು ಫಾರ್ಮಲಿನ್‌ನಲ್ಲಿ ತಕ್ಷಣ ಮುಳುಗಿಸಬೇಕು. ಡಬ್ಬಿಯನ್ನು ನಿಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಮುಟ್ಟಿಸಿ ಅಂದರೆ ಅದಕ್ಕೆ ನೀರು ಬೆರೆಸಬೇಡಿ, ಫ್ರೀಜರಿನಲ್ಲಿ ಇಡಬೇಡಿ, ಅವತ್ತೇ ತಲುಪಿಸಿ. ಹಾಗೇ ಅಲ್ಲೇ ನಿಂತು, ಜೊತೆಗಿರುವ ಚೀಟಿ ಬಿಡಿಸಿ ಓದಿ. ನೀವು ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಬರೆಸಿಕೊಂಡೇ ಹೊರಡಿ. ನಮಸ್ಕಾರ.