ಗೋಡೆ ಒಡೆಯೋದನ್ನ ನೋಡೋಕೆ ಯಾಕಿಷ್ಟು ಖುಷಿ?

ನಮಸ್ಕಾರ. ನಮ್ಮಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಆದ್ರೆ ಅಮೆರಿಕದವರು ಸುತ್ತಿಗೆ ಎತ್ತಿ ಅಡುಗೆಮನೆ ಗೋಡೆಗೆ ಬಡಿಯೋ ವಿಡಿಯೊ ಹಾಕಿದ್ರೆ ಸಾಕು, ಅವರೆಕಾಯಿ ಸುಲಿಯೋದನ್ನ ಅರ್ಧಕ್ಕೆ ಬಿಟ್ಟು ನೋಡ್ತಾರೆ. ಕೊನೆಗೆ ಒಂದೇ ಪ್ರಶ್ನೆ: "ಅಲ್ಲ ಕಣೋ, ಆ ಧೂಳನ್ನೆಲ್ಲ ಯಾರು ಒರೆಸ್ತಾರೆ?"

ಮನೆ ರಿಪೇರಿ ಶೋಗಳ ಬಗ್ಗೆ ನಾನು ಕೇಳಿರೋ ಅತ್ಯುತ್ತಮ ವಿಮರ್ಶೆ ಅದು. ಯಾಕಂದ್ರೆ ಆ ಶೋಗಳು ತೋರಿಸದೇ ಇರೋದು ಆ ಧೂಳನ್ನೇ.

ಮೊದಲು ಆ ಸುತ್ತಿಗೆ ವಿಷಯ. ಅಲ್ಲಿ ಗಂಡ ಹೆಂಡತಿ ಕನ್ನಡಕ ಹಾಕ್ಕೊಂಡು ಎರಡೇಟು ಹಾಕಿದ ತಕ್ಷಣ ಗೋಡೆ ಹಪ್ಪಳದ ಹಾಗೆ ಮುರಿಯುತ್ತೆ. ನಮಗೆ ಅದು ಮಾಯಾಜಾಲ. ಅಮೆರಿಕದ ಬಹುಪಾಲು ಮನೆಗಳ ಒಳಗೋಡೆ ಇಟ್ಟಿಗೆದಲ್ಲ. 16 ಇಂಚಿಗೊಂದು ಮರದ ಪಟ್ಟಿ ನಿಲ್ಲಿಸಿ, ಎರಡೂ ಕಡೆ ಅರ್ಧ ಇಂಚು ದಪ್ಪದ ಜಿಪ್ಸಮ್ ಹಲಗೆ ಹೊಡೆದಿರ್ತಾರೆ. ನಡುವೆ ಟೊಳ್ಳು. ಕಾಲಲ್ಲಿ ಒದ್ದರೂ ತೂತಾಗುತ್ತೆ. ನಮ್ಮ ಮನೆ 9 ಇಂಚಿನ ಇಟ್ಟಿಗೆ ಗೋಡೆಗೆ ಹಾಗೆ ಒದ್ದು ನೋಡಿ, ಗೋಡೆಗಿಂತ ಮುಂಚೆ ನೀವು ಮೂಳೆ ಡಾಕ್ಟರ ಹತ್ರ ಇರ್ತೀರಿ. ಇಲ್ಲಿ ಒಂದು ಕಿಟಕಿ ದೊಡ್ಡದು ಮಾಡ್ಬೇಕು ಅಂದ್ರೂ ಬ್ರೇಕರ್ ಮಷೀನ್ ಬರ್ಬೇಕು, ಮೂರು ಮನೆಯಾಚೆಯವರು ಬಂದು ಜಗಳ ಆಡ್ಬೇಕು, ಒಡೆದ ಚೂರನ್ನ ಹೊತ್ತೊಯ್ಯೋಕೆ ಟೆಂಪೋದವನ ಹತ್ರ ಬೇರೆ ಚೌಕಾಸಿ.

ಅಂದ್ರೆ ನಾವು ನೋಡಿ ಖುಷಿ ಪಡ್ತಿರೋದು ಬೇರೆ ಊರಿನ ಗೋಡೆ. ಅಷ್ಟು ಸಲೀಸಾಗಿ ಒಡೆಯೋ ಗೋಡೆ ನಮ್ಮಲ್ಲಿಲ್ಲ ಅನ್ನೋದೇ ಅದರ ಸೊಗಸು.

ಆದ್ರೆ ನನ್ನ ಪ್ರಕಾರ ನಿಜವಾದ ಮೋಡಿ ಗೋಡೆಯಲ್ಲಿಲ್ಲ, ಗಡಿಯಾರದಲ್ಲಿದೆ. 1979ರಲ್ಲಿ ಬಾಸ್ಟನ್ನಿನ ಸಾರ್ವಜನಿಕ ಟಿವಿ ಕೇಂದ್ರ 'ದಿಸ್ ಓಲ್ಡ್ ಹೌಸ್' ಶುರು ಮಾಡ್ತು. ಮೊದಲ ಸೀಸನ್ ಪೂರ್ತಿ ಒಂದೇ ಒಂದು ಹಳೇ ಮನೆ. ನಿರೂಪಕ ಬಾಬ್ ವಿಲಾ ಪ್ರಶ್ನೆ ಕೇಳ್ತಿದ್ದರು, ಬಡಗಿ ನಾರ್ಮ್ ಏಬ್ರಮ್ ನಿಧಾನಕ್ಕೆ ಕೆಲಸ ಮಾಡ್ತಾ ಉತ್ತರ ಕೊಡ್ತಿದ್ದರು. 1996ಕ್ಕೆ ಬನ್ನಿ. ಬಿಬಿಸಿಯ 'ಚೇಂಜಿಂಗ್ ರೂಮ್ಸ್'. ಅಕ್ಕಪಕ್ಕದವರು ಮನೆ ಅದಲುಬದಲು ಮಾಡ್ಕೊಂಡು ಒಬ್ಬರ ರೂಮನ್ನ ಇನ್ನೊಬ್ಬರು ಅಲಂಕಾರ ಮಾಡ್ಬೇಕು. ಎರಡೇ ದಿನ, 500 ಪೌಂಡ್. 2003ರಲ್ಲಿ ಅಮೆರಿಕದ 'ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್'. ಒಂದು ವಾರದಲ್ಲಿ ಇಡೀ ಮನೆ! ಕಷ್ಟದಲ್ಲಿರೋ ಕುಟುಂಬವನ್ನ ಪ್ರವಾಸಕ್ಕೆ ಕಳಿಸಿ, ವಾಪಸ್ ಬಂದಾಗ ಹೊಸ ಮನೆ ಎದುರು ದೊಡ್ಡ ಬಸ್ ನಿಲ್ಲಿಸಿ, ಜನರೆಲ್ಲ "ಬಸ್ ಸರಿಸಿ" ಅಂತ ಕೂಗೋದು. ಬಸ್ ಸರಿಯುತ್ತೆ, ಎಲ್ರೂ ಅಳ್ತಾರೆ. ನಾನೂ ಅತ್ತಿದೀನಿ, ಸುಳ್ಳು ಯಾಕೆ ಹೇಳಲಿ.

ಒಂದು ಸೀಸನ್ ಇದ್ದದ್ದು ಎರಡು ದಿನಕ್ಕೆ, ಒಂದು ವಾರಕ್ಕೆ ಇಳೀತು. ಈಗ ಫೋನಿನಲ್ಲಿ 40 ಸೆಕೆಂಡ್. ಹಳೇದು, ಹೊಸದು, ಮುಗೀತು.

ನಮ್ಮಲ್ಲೊಂದು ಗಾದೆ ಇದೆಯಲ್ಲ, ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು. ಈ ಶೋಗಳು ಅದರಲ್ಲಿ 'ಕಟ್ಟಿ'ಯನ್ನ ಕಿತ್ತುಹಾಕಿ 'ನೋಡು' ಒಂದನ್ನೇ ಉಳಿಸಿಕೊಂಡಿವೆ. ಕಟ್ಟೋರ ಬವಣೆ ನಮಗೆ ಬೇಡ. ಸಿಮೆಂಟಿಗೆ ದಿನಾ ನೀರು ಹೊಡೆಯೋದು ಬೇಡ. ಮಧ್ಯದಲ್ಲಿ ಒಂದು ಸಂಕಟ ಮಾತ್ರ ಇರ್ಬೇಕು, ಅದೂ ಸರಿಯಾಗಿ ಜಾಹೀರಾತಿಗೆ ಮುಂಚೆ. ಗೋಡೆ ಬಿಚ್ಚಿದಾಗ ಕೊಳೆತ ಮರ ಸಿಗುತ್ತೆ, ಇಲ್ಲ ಓಬಿರಾಯನ ಕಾಲದ ವೈರಿಂಗ್ ಸಿಗುತ್ತೆ. 'ಪ್ರಾಪರ್ಟಿ ಬ್ರದರ್ಸ್'ನ ಅವಳಿಗಳು ಮುಖ ಸಣ್ಣಗೆ ಮಾಡ್ಕೊಂಡು "ಖರ್ಚು ಹೆಚ್ಚಾಗುತ್ತೆ" ಅಂತಾರೆ. ಜಾಹೀರಾತು ಮುಗಿಯೋದರೊಳಗೆ ಎಲ್ಲ ಸರಿ!

ಈ ಪೈಕಿ ನನಗೆ ತುಂಬ ಇಷ್ಟವಾದದ್ದು ಒಂದು ಅವಘಡ. 'ಚೇಂಜಿಂಗ್ ರೂಮ್ಸ್'ನಲ್ಲಿ ಮನೆಯಾಕೆ ಆಸೆಯಿಂದ ಕೂಡಿಟ್ಟಿದ್ದ ಟೀ ಪಾಟ್‌ಗಳನ್ನ ತೂಗುಹಾಕಿದ ಶೆಲ್ಫಿನಲ್ಲಿ ಜೋಡಿಸಿದರು. ಭಾರ ತಡೀಲಾರದೆ ಶೆಲ್ಫು ಕಳಚಿ ಬಿತ್ತು, ಪಾಟ್‌ಗಳು ಪುಡಿಪುಡಿ. ಪಾಪ. ಆದ್ರೆ ಮನೆ ಕೆಲಸ ಅಂದ್ರೇನು ಅಂತ ಟಿವಿ ಒಂದೇ ಒಂದು ಸಲ ನಿಜ ಹೇಳಿದ್ದು ಆವತ್ತು ಅನ್ಸುತ್ತೆ. 'ಎಕ್ಸ್‌ಟ್ರೀಮ್ ಮೇಕೋವರ್'ದು ಇನ್ನೊಂದು ಕಥೆ. ಬಸ್ ಸರಿದ ಮೇಲೆ ಆ ಅರಮನೆಯಂಥ ಮನೆಗಳ ಆಸ್ತಿ ತೆರಿಗೆ, ಕರೆಂಟ್ ಬಿಲ್ ಕಟ್ಟೋಕೆ ಕೆಲವು ಕುಟುಂಬಗಳು ಒದ್ದಾಡಿದವು ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ಅದನ್ನ ಶೂಟ್ ಮಾಡೋಕೆ ಕ್ಯಾಮೆರಾ ಇರಲಿಲ್ಲ.

ಅಮ್ಮ ನೋಡೋ ರೀತಿಯೇ ಬೇರೆ. ಅಡುಗೆಮನೆ, ಹಾಲ್ ಎಲ್ಲ ಒಂದೇ ಮಾಡಿ ಅವರು ಕುಣಿದಾಡುವಾಗ ಇವರು ಕೇಳ್ತಾರೆ: "ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಘಾಟು ಎಲ್ಲೋಗುತ್ತೆ? ಸೋಫಾ ಮೇಲೆ ಕೂತು ಕೆಮ್ತಾರಾ?" ಎಲ್ಲ ಬಿಳಿ ಬಣ್ಣ ಬಳಿದರೆ, "ಆರು ತಿಂಗಳಾದ್ಮೇಲೆ ತೋರಿಸಲಿ." ಇಷ್ಟೆಲ್ಲ ಅಂದು ಮುಂದಿನದ್ದನ್ನ ಹಾಕು ಅಂತಾರೆ.

ಯಾಕೆ ಅಂದ್ರೆ, ಎರಡು ವರ್ಷದ ಹಿಂದೆ ನಮ್ಮನೆ ಬಚ್ಚಲುಮನೆ ಒಡೆಸಿದ್ವಿ. ಗೋಡೆಯಲ್ಲಿ ತೇವ, ಪಕ್ಕದ ರೂಮಿನ ಸುಣ್ಣವೆಲ್ಲ ಉದುರ್ತಿತ್ತು. ಮೇಸ್ತ್ರಿ ಹೇಳಿದ್ದು 15 ದಿನ. ಪೈಪ್ ಬಿಚ್ಚಿದಾಗ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕೈಯಲ್ಲೇ ಪುಡಿಯಾಯ್ತು. ಟಿವಿಯಲ್ಲಾದ್ರೆ ಇಲ್ಲಿ ಜಾಹೀರಾತು ಬರ್ಬೇಕಿತ್ತು. ನಮಗೆ ಬಂದದ್ದು ಪ್ಲಂಬರ್ ಊರಿಗೆ ಹೋಗಿದಾನೆ ಅನ್ನೋ ಸುದ್ದಿ, ಜಾತ್ರೆಯಂತೆ. ಆಮೇಲೆ ಟೈಲ್ಸ್ ಕಮ್ಮಿ ಬಿತ್ತು, ಅಂಗಡಿಯಲ್ಲಿ ಆ ಬಣ್ಣ ಮುಗಿದಿತ್ತು. ನಾಲ್ಕು ತಿಂಗಳು ನಾವು ಮಹಡಿ ಮೇಲಿನ ಬಾಡಿಗೆಯವರ ಮನೇಲಿ ಸ್ನಾನ ಮಾಡಿದ್ವಿ. ಮಾಲೀಕರು ಟವೆಲ್ ಹೆಗಲಿಗೆ ಹಾಕ್ಕೊಂಡು ಬಾಡಿಗೆಯವರ ಬಾಗಿಲು ತಟ್ಟೋ ದೃಶ್ಯವನ್ನ ಯಾವ ಚಾನೆಲ್ಲೂ ತೋರಿಸಲ್ಲ.

ಅಷ್ಟೆಲ್ಲ ಅನುಭವಿಸಿದ ಹೆಂಗಸು ರಾತ್ರಿ ಊಟ ಆದ್ಮೇಲೆ ಕೂತು, ಟೆಕ್ಸಸ್‌ನ ವೇಕೋ ಊರಲ್ಲಿ ಚಿಪ್ ಮತ್ತು ಜೊವಾನಾ ಗೇನ್ಸ್ ದಂಪತಿ ಯಾರದೋ ಮುರುಕಲು ಮನೆಯನ್ನ ಸರಿ ಮಾಡೋದನ್ನ ಕಣ್ಣು ಮಿಟುಕಿಸದೆ ನೋಡ್ತಾರೆ. ಅಂಥ ಅಡುಗೆಮನೆ ಬೇಕು ಅಂತ ಒಂದು ದಿನವೂ ಕೇಳಿಲ್ಲ. ಕೆಲಸದವರು ಹೇಳಿದ ದಿನ ಬಂದು, ಕೆಲಸ ಮುಗಿಸಿ, ಸಾಮಾನು ಕಟ್ಟಿಕೊಂಡು ಹೋಗೋದಿದೆಯಲ್ಲ, ಅದನ್ನ ನೋಡ್ತಾರೆ.

ನಮ್ಮ ಬಚ್ಚಲುಮನೇಲಿ ಬೇಸಿನ್ ಪಕ್ಕ ಎರಡು ಟೈಲ್ಸ್ ಜಾಗ ಇನ್ನೂ ಖಾಲಿ ಇದೆ. ಅಲ್ಲಿ ಟೂತ್‌ಬ್ರಷ್ ಡಬ್ಬಿ ಇಟ್ಟು ಮರೆ ಮಾಡಿದೀವಿ. ಮೇಸ್ತ್ರಿಗೆ ಫೋನ್ ಮಾಡಿದ್ರೆ, "ಸೋಮವಾರ ಬಂದ್ಬಿಡ್ತೀನಿ ಅಮ್ಮ" ಅಂತಾನೆ. ಯಾವ ಸೋಮವಾರ ಅಂತ ಅಮ್ಮ ಈಗ ಕೇಳೋದನ್ನ ಬಿಟ್ಟಿದಾರೆ.